ನವಣೆ ಬಿಸಿಬೇಳೆ ಬಾತ್: ಗಂಜಿಯಾಗದಂತೆ, ಗಟ್ಟಿಯಾಗದಂತೆ

ಅಕ್ಕಿಯ ಬದಲು ನವಣೆ ಹಾಕಿ, ಬೇಳೆ, ತರಕಾರಿ, ಹುಣಸೆಹುಳಿ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿ ವಿಷಲ್ ಕೂಗಿಸಿದರೆ ಸಿಗುವುದು ಬಿಸಿಬೇಳೆ ಬಾತ್ ಅಲ್ಲ. ನವಣೆ ಗಂಜಿಯಾಗಿರುತ್ತದೆ, ದಪ್ಪಮೆಣಸಿನಕಾಯಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ, ಬೇಳೆ ಮಾತ್ರ ಹಲ್ಲಿಗೆ ಸಿಗುತ್ತದೆ. ಮೂರಕ್ಕೂ ಬೇಯುವ ಹೊತ್ತು ಬೇರೆ. ಹುಳಿ ಬಿದ್ದಮೇಲಂತೂ ಬೇಳೆಯಾಗಲಿ ತರಕಾರಿಯಾಗಲಿ ಬೇಗ ಮೆತ್ತಗಾಗುವುದಿಲ್ಲ. ಇನ್ನೊಂದು ಪಾತ್ರೆ ತೊಳೆಯುವ ಕೆಲಸ ಹೆಚ್ಚಾದರೂ ಬೇರೆ ಬೇರೆ ಬೇಯಿಸಿ ಕೊನೆಗೆ ಸೇರಿಸುವುದೇ ಸರಿ.

ಕೆಳಗಿನ ಅಳತೆ ನಾಲ್ಕೈದು ಜನಕ್ಕೆ. ಒಂದು ಲೋಟ ಎಂದರೆ 200 ಮಿ.ಲೀ.

ನವಣಕ್ಕಿ 1 ಲೋಟ, ತೊಗರಿಬೇಳೆ ಮುಕ್ಕಾಲು ಲೋಟ, ಹೆಚ್ಚಿದ ತರಕಾರಿ 3 ಲೋಟ (ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಹಸಿ ಬಟಾಣಿ, ಒಂದು ದಪ್ಪಮೆಣಸಿನಕಾಯಿ), ಸಣ್ಣ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಗೋಲಿಯಷ್ಟು ಬೆಲ್ಲ, ಅರಿಶಿನ, ಒಂದೂವರೆ ಚಮಚ ಉಪ್ಪು. ತರಕಾರಿ ಧಾನ್ಯಕ್ಕಿಂತ ಹೆಚ್ಚಿರಲಿ. ಅವರೆಕಾಯಿ ಕಾಲದಲ್ಲಿ ಬಟಾಣಿ ಬಿಟ್ಟು ಅವರೆಕಾಳು ಹಾಕಿ. ಆಲೂಗಡ್ಡೆ ಬೇಡ, ಮೊದಲೇ ಗಟ್ಟಿಯಾಗುವ ನವಣೆಗೆ ಅದೂ ಸೇರಿದರೆ ಸೌಟು ಆಡುವುದಿಲ್ಲ.

ನವಣೆ ಕೊಳ್ಳುವಾಗ ಪಾಲಿಶ್ ಮಾಡದ್ದನ್ನು ಕೇಳಿ. ಅದು ಮಾಸಲು ಹಳದಿ, ಮುಟ್ಟಿದರೆ ಬೆರಳಿಗೆ ತುಸು ಹಿಟ್ಟು ಅಂಟುತ್ತದೆ. ಹೊಳೆಯುವ ತಿಳಿಬಣ್ಣದ ಕಾಳಿನಲ್ಲಿ ತವುಡಿನ ಜೊತೆ ನಾರಿನಂಶವೂ ಹೋಗಿರುತ್ತದೆ, ಮತ್ತೆ ಅಕ್ಕಿ ಬಿಟ್ಟು ಪ್ರಯೋಜನವೇನು? ಆದರೆ ತವುಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಪಾಲಿಶ್ ಇಲ್ಲದ ನವಣೆ ಬೇಗ ಕಮಟು ಹಿಡಿಯುತ್ತದೆ. ಒಂದೆರಡು ತಿಂಗಳಿಗೆ ಬೇಕಾದಷ್ಟೇ ತಂದು, ಬಳಸುವ ಮುನ್ನ ಮೂಸಿ ನೋಡಿ. ಅಡುಗೆ ಕಹಿಯಾದಾಗ ಎಲ್ಲರೂ ಮೆಂತ್ಯವನ್ನು ಬೈಯುತ್ತಾರೆ. ಹಳೆಯ ನವಣೆಯೂ ಕಾರಣವಾಗಿರಬಹುದು.

ನವಣೆಯನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆದು, ಕಲ್ಲು ಉಳಿಯದಂತೆ ಜಾಲಿಸಿ, ಕನಿಷ್ಠ ಒಂದು ಗಂಟೆ ನೆನೆಸಿ. ನೆನೆಯದ ಕಾಳು ಹೊರಗೆ ಬೆಂದಂತೆ ಕಂಡರೂ ನಡುವೆ ಗಟ್ಟಿ ಉಳಿಯುತ್ತದೆ. ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿಗೆ ಹಾಕಿಡಿ.

ಪುಡಿ ಮನೆಯಲ್ಲೇ ಮಾಡಿಕೊಂಡರೆ ರುಚಿ ಬೇರೆ. ಕಡಲೆಬೇಳೆ 1 ದೊಡ್ಡ ಚಮಚ, ಉದ್ದಿನಬೇಳೆ 2 ಸಣ್ಣ ಚಮಚ, ಧನಿಯ ಒಂದೂವರೆ ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಮೆಂತ್ಯ ಕಾಲು ಚಮಚ, ಒಂದಿಂಚು ಚಕ್ಕೆ, 3 ಲವಂಗ, 1 ಮರಾಠಿ ಮೊಗ್ಗು, 8 ಬ್ಯಾಡಗಿ ಮೆಣಸಿನಕಾಯಿ, ಖಾರ ಬೇಕೆನ್ನುವವರಿಗೆ 2 ಗುಂಟೂರು, 1 ಚಮಚ ಗಸಗಸೆ, 2 ದೊಡ್ಡ ಚಮಚ ಕೊಬ್ಬರಿ ತುರಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ, ಅದಕ್ಕೇ ಎಂಟು. ಸಣ್ಣ ಉರಿಯಲ್ಲಿ ಮೊದಲು ಬೇಳೆಗಳನ್ನು ಹುರಿದು ತೆಗೆಯಿರಿ, ಆಮೇಲೆ ಧನಿಯ ಮತ್ತು ಮಸಾಲೆ, ಆಮೇಲೆ ಮೆಣಸಿನಕಾಯಿ. ಮೆಂತ್ಯ ಕೆಂಪಾಗುವ ಮೊದಲೇ ಇಳಿಸಬೇಕು. ಗಸಗಸೆ, ಕೊಬ್ಬರಿಗೆ ಒಲೆ ಆರಿಸಿದ ಬಾಣಲೆಯ ಕಾವೇ ಸಾಕು. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲೇ ತಿರುಗಿಸಿದರೆ ಮಿಕ್ಸಿಯ ತಳಕ್ಕೆ ಮುದ್ದೆಯಾಗಿ ಕೂರುತ್ತದೆ.

ಬೇಳೆಗೆ ಎರಡೂವರೆ ಲೋಟ ನೀರು, ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ. ಒತ್ತಡ ತಾನಾಗಿ ಇಳಿದ ಮೇಲೆ ಚೆನ್ನಾಗಿ ಮಸೆಯಿರಿ. ಬಾತ್‌ನಲ್ಲಿ ನೀರು ಬೇರೆ, ಕಾಳು ಬೇರೆ ನಿಲ್ಲುವುದು ಹೆಚ್ಚಾಗಿ ಈ ಮಸೆಯುವಿಕೆ ಸಾಲದೆ.

ಇತ್ತ ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ಲೋಟ ನೀರು ಕುದಿಸಿ, ಬಸಿದ ನವಣೆ ಹಾಕಿ. ಐದು ನಿಮಿಷ ಕಳೆದ ಮೇಲೆ ದಪ್ಪಮೆಣಸಿನಕಾಯಿ ಬಿಟ್ಟು ಉಳಿದ ತರಕಾರಿ ಸೇರಿಸಿ. ಮುಚ್ಚಳ ಓರೆ ಮಾಡಿ, ಮಧ್ಯಮ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ. ಒಂದು ಕಾಳನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ: ಬಿಳಿ ಚುಕ್ಕೆ ಉಳಿಯದೆ ಚಪ್ಪಟೆಯಾಗಬೇಕು. ಚುಕ್ಕೆ ಕಂಡರೆ ಹುಳಿ ಹಾಕುವ ಆತುರ ಬೇಡ, ಇನ್ನೆರಡು ನಿಮಿಷ ಬಿಡಿ. ಬೆಂದ ಮೇಲೆ ಮಸೆದ ಬೇಳೆ, ಹುಣಸೆರಸ, ಬೆಲ್ಲ, ಉಪ್ಪು, ಮೂರು ದೊಡ್ಡ ಚಮಚ ಪುಡಿ, ದಪ್ಪಮೆಣಸಿನಕಾಯಿ ಹಾಕಿ ಸಣ್ಣ ಉರಿಯಲ್ಲಿ ಎಂಟು ನಿಮಿಷ ಕುದಿಸಿ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿಕೊಂಡರೆ ಗಂಟು ಬೀಳದು.

ತಳ ಹಿಡಿಯುವುದು ಈ ಹಂತದಲ್ಲೇ. ಸೀದ ವಾಸನೆ ಬಂದರೆ ಕೆರೆಯಬೇಡಿ; ಮೇಲಿನದ್ದನ್ನು ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿ.

ಇಳಿಸುವಾಗ ಬಾತ್ ಸೌಟಿನಿಂದ ಜಾರಿ ಬೀಳುವಷ್ಟು ತೆಳ್ಳಗಿರಲಿ. ಇಷ್ಟು ನೀರೇ ಎನಿಸಿದರೂ ಹದಿನೈದು ನಿಮಿಷದಲ್ಲಿ ನವಣೆ ಅದನ್ನೆಲ್ಲ ಹೀರಿಕೊಳ್ಳುತ್ತದೆ. ಹಾಟ್‌ಬಾಕ್ಸ್‌ಗೆ ತುಂಬುವುದಾದರೆ ಇನ್ನರ್ಧ ಲೋಟ ಬಿಸಿನೀರು ಸೇರಿಸಿ.

ಒಗ್ಗರಣೆಗೆ ಎರಡು ಚಮಚ ತುಪ್ಪ, ಸಾಸಿವೆ, ಇಂಗು, ಕರಿಬೇವು, ಒಂದು ಹಿಡಿ ಕಡಲೆಕಾಯಿ ಬೀಜ. ಗೋಡಂಬಿಯೂ ಆಗುತ್ತದೆ, ಆದರೆ ಈ ಹುಳಿ-ಖಾರಕ್ಕೆ ಕಡಲೆಕಾಯಿಯೇ ಚೆನ್ನ. ಸಕ್ಕರೆ ಕಾಯಿಲೆ ಇರುವವರು ಸಿರಿಧಾನ್ಯ ಎಂದು ಎರಡು ಸಲ ಬಡಿಸಿಕೊಳ್ಳಬಾರದು, ಇದರಲ್ಲೂ ಪಿಷ್ಟವಿದೆ.

ಉಳಿದದ್ದು ಫ್ರಿಜ್‌ನಲ್ಲಿ ಕಲ್ಲಿನಂತಾದರೆ ಗಾಬರಿ ಬೇಡ. ಮೊದಲು ಸೌಟಿನಿಂದ ಒಡೆದು, ಕುದಿವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಸಣ್ಣ ಉರಿಯಲ್ಲಿ ಮಗುಚಿ, ಕೊನೆಗೆ ಉಪ್ಪು ನೋಡಿ. ತಣ್ಣೀರು ಸುರಿದರೆ ಉಂಡೆ ಉಂಡೆಯಾಗಿಯೇ ಉಳಿಯುತ್ತದೆ.