86ಕ್ಕೆ ಹೊಸ ಇನ್‌ಟೇಕ್ ಕೊಳ್ಳುವ ಮೊದಲು ಅಳತೆ ಮಾಡಿ

ಟೊಯೊಟಾ 86 ಅಥವಾ ಸುಬಾರು ಬಿಆರ್‌ಝಡ್ (ಎರಡು ಹೆಸರಿನಲ್ಲಿ ಮಾರುವ ಒಂದೇ ಸ್ಪೋರ್ಟ್ಸ್ ಕಾರು) ಕೊಂಡವರು ಮೊದಲು ಕೈ ಹಾಕೋದು ಇನ್‌ಟೇಕ್‌ಗೆ, ಅಂದರೆ ಎಂಜಿನ್‌ಗೆ ಗಾಳಿ ತರುವ ಫಿಲ್ಟರ್ ಬಾಕ್ಸ್ ಮತ್ತು ಪೈಪಿಗೆ. ಬಾನೆಟ್ ತೆಗೆದರೆ ಎದುರಿಗೇ ಇರುತ್ತದೆ, ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಮನೆಯಲ್ಲೇ ಬಿಚ್ಚಬಹುದು, ಹೊಸದು ಹಾಕಿದ ತಕ್ಷಣ ಸದ್ದು ಬದಲಾಗುತ್ತದೆ. ಸದ್ದು ಜಾಸ್ತಿಯಾದರೆ ಪವರ್ ಕೂಡ ಜಾಸ್ತಿಯಾಯಿತು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಮೆಲ್ಬರ್ನ್‌ನಲ್ಲಿ ನನ್ನ 86ಕ್ಕೆ ಎರಡು ಬಗೆಯ ಇನ್‌ಟೇಕ್ ಹಾಕಿ, ಎರಡನ್ನೂ ಬಿಚ್ಚಿ, ಕೊನೆಗೆ ಕಂಪನಿ ಬಾಕ್ಸನ್ನೇ ವಾಪಸ್ ಕೂರಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ನೋಡೋಣ. ಹಳೇ, ಅಂದರೆ ಮೊದಲ ತಲೆಮಾರಿನ 86ರ ಎಂಜಿನ್ 1998 ಸಿಸಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, 7000 ಆರ್‌ಪಿಎಂನಲ್ಲಿ 200 ಎಚ್‌ಪಿ ಕೊಡುತ್ತದೆ. ನಾಲ್ಕು ಸ್ಟ್ರೋಕ್‌ನ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ 2 ಲೀಟರ್ ಎಳೆದುಕೊಳ್ಳುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 7000 ಲೀಟರ್. ಮನೆ ಮೇಲಿನ 1000 ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಏಳು! ಇಷ್ಟು ಗಾಳಿ ಫಿಲ್ಟರ್ ದಾಟಿ ಬರಬೇಕಾದರೆ ಸ್ವಲ್ಪ ಒತ್ತಡ ಕಳೆದುಹೋಗುತ್ತದೆ. ಎಷ್ಟು ಅನ್ನೋದೇ ಪ್ರಶ್ನೆ.

ಅದನ್ನು ಅಳೆಯೋದು ಸುಲಭ. ಓಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರಿನ ರೀಡಿಂಗ್ ಓದಲು ಇರುವ ಸಾಕೆಟ್) ಒಂದು ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಫೋನಿನಲ್ಲಿ ಮ್ಯಾನಿಫೋಲ್ಡ್ ಪ್ರೆಷರ್ (ಥ್ರಾಟಲ್ ದಾಟಿ ಸಿಲಿಂಡರ್‌ಗೆ ಹೋಗುವ ಗಾಳಿಯ ಒತ್ತಡ) ನೋಡಿದರೆ ಹೊರಗಿನ ಗಾಳಿಯ ಒತ್ತಡ ಕಾಣುತ್ತದೆ. ಸಮುದ್ರಮಟ್ಟದ ಮೆಲ್ಬರ್ನ್‌ನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೋಡಿದರೆ 91ರ ಹತ್ತಿರ ಇರುತ್ತದೆ. ಆಮೇಲೆ ಟ್ರ್ಯಾಕ್‌ನಲ್ಲಿ, ರಸ್ತೆಯಲ್ಲಿ ಬೇಡ, ಫುಲ್ ಥ್ರಾಟಲ್ ಕೊಟ್ಟು 7000ದ ಹತ್ತಿರ ಅದೇ ರೀಡಿಂಗ್ ರೆಕಾರ್ಡ್ ಮಾಡಿ. 98 ಬಂತು ಅಂದುಕೊಳ್ಳಿ. ಹೋದದ್ದು 3. ಫಿಲ್ಟರ್, ಪೈಪ್, ಥ್ರಾಟಲ್ ಬಾಡಿ ಎಲ್ಲ ಸೇರಿ ನೂರಕ್ಕೆ ಮೂರು. ಇವನ್ನೆಲ್ಲ ಕಿತ್ತು ಬಿಸಾಕಿ ಎಂಜಿನ್ನನ್ನು ಬಯಲಿಗೆ ಬಿಟ್ಟರೂ ಸಿಗೋದು ಹೆಚ್ಚೆಂದರೆ 6 ಎಚ್‌ಪಿ, ಅಷ್ಟೇ.

ಅದರಲ್ಲಿ ಫಿಲ್ಟರ್ ಬಾಕ್ಸಿನ ಪಾಲು ಎಷ್ಟು ಅಂತ ತಿಳಿಯಲು ನೀರಿನ ಪೈಪ್ ಸಾಕು. ಈ ಕಾರಿನಲ್ಲಿ ಇನ್‌ಟೇಕ್ ಪೈಪಿನಿಂದ ಒಂದು ಕವಲು ಕ್ಯಾಬಿನ್ ಕಡೆಗೆ ಹೋಗುತ್ತದೆ, ಎಂಜಿನ್ ಸದ್ದು ಒಳಗೆ ಕೇಳಲಿ ಅಂತ ಕಂಪನಿಯೇ ಇಟ್ಟದ್ದು. ಆ ಕವಲನ್ನು ತೆಗೆದು, ಸಣ್ಣ ನಳಿಗೆ ಇರುವ ಮುಚ್ಚಳ ಹಾಕಿ, ಗಾಳಿ ಸೋರದಂತೆ ಕ್ಲಾಂಪ್ ಬಿಗಿಯಿರಿ. ನಳಿಗೆಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಳಗೆ ತಂದು 'ಯು' ಆಕಾರಕ್ಕೆ ಬಾಗಿಸಿ ಒಂದು ಹಲಗೆಗೆ ಕಟ್ಟಿ, ಅರ್ಧದಷ್ಟು ಬಣ್ಣದ ನೀರು ತುಂಬಿ. ಪೈಪ್ ಉದ್ದ ಇರಲಿ, ನೀರು ಎಂಜಿನ್ ಕಡೆ ಹೋಗಬಾರದು. ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತವರು ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ ನೋಡಲಿ. 10 ಸೆಂಟಿಮೀಟರ್ ಅಂದರೆ ಹತ್ತಿರ ಹತ್ತಿರ 1 ಕಿಲೋಪ್ಯಾಸ್ಕಲ್. ಹಳೇ ಫಿಲ್ಟರ್ ಇದ್ದಾಗ ಒಮ್ಮೆ, ಹೊಸ ಪೇಪರ್ ಫಿಲ್ಟರ್ ಹಾಕಿ ಒಮ್ಮೆ ಅಳೆಯಿರಿ. ಎಷ್ಟೋ ಕಾರುಗಳಿಗೆ ಬೇಕಾಗಿರೋದು ಹೊಸ ಫಿಲ್ಟರ್ ಮಾತ್ರ.

ಇನ್ನು ಬಿಸಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ದೊಡ್ಡದು. 30 ಡಿಗ್ರಿ ಗಾಳಿಯ ಬದಲು 60 ಡಿಗ್ರಿ ಗಾಳಿ ಒಳಗೆ ಹೋದರೆ ಅದೇ ಜಾಗದಲ್ಲಿ ಸುಮಾರು 9 ಪರ್ಸೆಂಟ್ ಕಡಿಮೆ ಗಾಳಿ ಹಿಡಿಯುತ್ತದೆ. ಫಿಲ್ಟರ್‌ನಿಂದ ಉಳಿಸಿದ ಒಂದೆರಡು ಪರ್ಸೆಂಟ್ ಅದರ ಮುಂದೆ ಏನೂ ಅಲ್ಲ, ಅಲ್ವಾ? ನಾನು ಮೊದಲು ಹಾಕಿದ್ದು ಬಾನೆಟ್ ಒಳಗೇ ತೆರೆದು ಕೂರುವ ಕೋನ್ ಫಿಲ್ಟರ್. ಹೊರಗೆ 34 ಡಿಗ್ರಿ ಇದ್ದ ಸಂಜೆ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಇನ್‌ಟೇಕ್ ಟೆಂಪರೇಚರ್ 61 ತೋರಿಸಿತು. ಗಾಡಿ ಚಲಿಸಿದ ಮೇಲೆ ಇಳಿಯಿತು, ನಿಜ. ಆದರೆ ಅಲ್ಯೂಮಿನಿಯಂ ಪೈಪ್ ಮುಟ್ಟಿದರೆ ಕಾದ ತವಾ ಹಾಗಿತ್ತು. ಕೋನ್ ಬೇಕೇ ಬೇಕು ಅಂದರೆ ಸುತ್ತಲೂ ಮುಚ್ಚಿದ, ಗ್ರಿಲ್ ಹಿಂದಿನಿಂದ ತಣ್ಣಗಿನ ಗಾಳಿ ಎಳೆಯುವ ಬಾಕ್ಸ್ ಇರುವ ಸೆಟ್ ಮಾತ್ರ ನೋಡಿ.

ಎರಡನೇ ಸಲ ಹಾಗೆ ಮುಚ್ಚಿದ ಸೆಟ್ಟೇ ತಂದೆ. ಅದರಲ್ಲಿ ಬೇರೆ ತೊಂದರೆ ಬಂತು. ಈ ಎಂಜಿನ್ ಎಷ್ಟು ಗಾಳಿ ಬರುತ್ತಿದೆ ಅಂತ ತಿಳಿಯೋದು ಎಂಎಎಫ್ ಸೆನ್ಸರ್‌ನಿಂದ. ಅದರಲ್ಲಿ ಕರೆಂಟಿನಿಂದ ಬಿಸಿಯಾದ ಒಂದು ಸಣ್ಣ ತಂತಿ ಇದೆ, ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡುತ್ತದೆ ಅನ್ನೋದರ ಮೇಲೆ ಲೆಕ್ಕ. ಪೈಪಿನ ಅಗಲ ಕಂಪನಿ ಇಟ್ಟಷ್ಟೇ ಇದೆ ಅಂತ ಕಂಪ್ಯೂಟರ್ ನಂಬಿಕೊಂಡಿರುತ್ತದೆ. ಉದಾಹರಣೆಗೆ 70 ಮಿಲಿಮೀಟರ್ ಪೈಪ್ ಇದ್ದ ಕಡೆ 76ರ ಪೈಪ್ ಹಾಕಿದರೆ ಒಳಗಿನ ಜಾಗ 18 ಪರ್ಸೆಂಟ್ ಜಾಸ್ತಿಯಾಗುತ್ತದೆ. ಗಾಳಿ ಜಾಸ್ತಿ ಹೋಗುತ್ತಿದ್ದರೂ ಸೆನ್ಸರ್ ಕಡಿಮೆ ಅನ್ನುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ನಿಧಾನಕ್ಕೆ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ಸರಿಪಡಿಸಿಕೊಳ್ಳುತ್ತದೆ. ಫುಲ್ ಥ್ರಾಟಲ್‌ನಲ್ಲಿ ಅದರ ಮೇಲೆ ಭರವಸೆ ಇಡಬೇಡಿ, ಪೆಟ್ರೋಲ್ ಸಾಲದೆ ನಾಕಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯೋದು) ಆದರೆ ಪಿಸ್ಟನ್‌ಗೇ ಅಪಾಯ. ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಿ, ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚುಕಡಿಮೆ ಮಾಡಿ ಸರಿಪಡಿಸುತ್ತಿದೆ ಅನ್ನೋದು ಅದರಲ್ಲಿ ಕಾಣುತ್ತದೆ. 5ರ ಒಳಗಿದ್ದರೆ ಚಿಂತೆಯಿಲ್ಲ. ನನಗೆ ಪ್ಲಸ್ 11 ಬಂದಿತ್ತು, ಟ್ಯೂನ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸೋದು) ಬೇಕಿಲ್ಲ ಅಂತ ಹೇಳಿ ಮಾರಿದ ಸೆಟ್ ಅದು. ಹಾಗಾಗಿ ಅಂಗಡಿಯವರನ್ನು ಮೊದಲು ಕೇಳಬೇಕಾದ್ದು ಇದು: ಸೆನ್ಸರ್ ಕೂರುವ ಜಾಗದ ಒಳಅಳತೆ ಕಂಪನಿಯದ್ದಕ್ಕೆ ಸರಿಹೊಂದುತ್ತದಾ? ಸೆನ್ಸರ್‌ಗೆ ಮುಂಚೆ ಪೈಪ್ ನೇರವಾಗಿದೆಯಾ, ತಿರುವು ಇದೆಯಾ? ಉತ್ತರ ಗೊತ್ತಿಲ್ಲದವರ ಹತ್ತಿರ ಕೊಳ್ಳಬೇಡಿ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಕೂಡ ನನಗೆ ಇಷ್ಟವಿಲ್ಲ. ಎಣ್ಣೆ ಸ್ವಲ್ಪ ಜಾಸ್ತಿಯಾದರೂ ಆ ತಂತಿಗೆ ಮೆತ್ತಿಕೊಳ್ಳುತ್ತದೆ.

86ರಲ್ಲಿ 3500ರಿಂದ 4500ರ ನಡುವೆ ಪಿಕಪ್ ಕುಸಿಯುತ್ತದಲ್ಲ, ಅದಕ್ಕೆ ಇನ್‌ಟೇಕ್ ಪರಿಹಾರ ಅಂತ ತುಂಬ ಜನ ನಂಬಿದ್ದಾರೆ. ಅದು ತುಂಬೋದು ಎಕ್ಸಾಸ್ಟ್ ಹೆಡರ್ (ಎಂಜಿನ್ನಿಂದ ಹೊಗೆ ಹೊರಬರುವ ಮೊದಲ ಪೈಪುಗಳು) ಮತ್ತು ಟ್ಯೂನ್‌ನಿಂದ. ದುಡ್ಡು ಅದಕ್ಕೆ ಉಳಿಸಿಕೊಳ್ಳಿ.

ಫಿಲ್ಟರನ್ನು ಬಂಪರ್ ಕೆಳಗೆ ಇಳಿಸುವ ಸೆಟ್ ರೋಡ್ ಕಾರಿಗೆ ಖಂಡಿತ ಬೇಡ. ನಿಂತ ನೀರಿನಲ್ಲಿ ಒಮ್ಮೆ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕಾರು ಭಾರತದಲ್ಲಿ ಕಂಪನಿಯಿಂದ ಮಾರಾಟಕ್ಕೆ ಬಂದಿಲ್ಲ, ಆದರೆ ಬಿಸಿ, ಧೂಳು, ನೀರಿನ ಮಾತು ಅಲ್ಲಿನ ಯಾವ ಗಾಡಿಗೂ ಅನ್ವಯಿಸುತ್ತದೆ. ಟರ್ಬೊ ಇದ್ದರೆ ಮ್ಯಾನಿಫೋಲ್ಡ್ ಪ್ರೆಷರ್ ಲೆಕ್ಕ ಮಾತ್ರ ನಡೆಯುವುದಿಲ್ಲ, ಟರ್ಬೊಗೆ ಮುಂಚೆ ನೀರಿನ ಪೈಪ್ ಹಾಕಿ ಅಳೆಯಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಗಾಡಿಯಲ್ಲಿ ಮಾಡುವ ಬದಲಾವಣೆಗಳ ಬಗ್ಗೆ ಇರೋದು), ಇನ್ಶೂರೆನ್ಸ್, ವಾರಂಟಿ ಮೂರನ್ನೂ ಮೊದಲೇ ನೋಡಿಕೊಳ್ಳಿ.

ಯಾವ ಫಿಲ್ಟರ್ ಹಾಕಿದರೂ 500 ಕಿಲೋಮೀಟರ್ ಆದ ಮೇಲೆ ಪೈಪ್ ಬಿಚ್ಚಿ, ಫಿಲ್ಟರ್ ದಾಟಿದ ಕಡೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಸೆನ್ಸರ್ ಮಾತ್ರ ಮುಟ್ಟಬೇಡಿ. ಬಟ್ಟೆ ಮೇಲೆ ಕೆಂಪು ಪುಡಿ ಬಂದರೆ, ಬೆರಳಲ್ಲಿ ಉಜ್ಜಿದಾಗ ನುಣ್ಣನೆ ಮರಳಿನ ಹಾಗೆ ಸಿಕ್ಕರೆ, ಅದೇ ಮರಳು ಸಿಲಿಂಡರ್ ಗೋಡೆಯನ್ನೂ ಉಜ್ಜುತ್ತಿದೆ. ಆ ಫಿಲ್ಟರನ್ನು ಅವತ್ತೇ ತೆಗೆದುಬಿಡಿ.