ಮನೆ ಕಂದಾಯದ ನೋಟಿಸ್ ಬಂತಾ? ಕಟ್ಟೋಕ್ ಮುಂಚೆ ಲೆಕ್ಕ ನೋಡೋದು ಹೇಗೆ

ಹೋದ್ ವರ್ಷ ಮಾರ್ಚಲ್ಲಿ ನಮ್ಮ ಚಿಕ್ಕಪ್ಪನ ಮನೆಗೆ ಪಂಚಾಯ್ತಿಯಿಂದ ಡಿಮ್ಯಾಂಡ್ ನೋಟಿಸ್ ಬಂತು, ಮೂರು ವರ್ಷದ ಬಾಕಿ ಅಂತ. ಮೂಡಿಗೆರೆ ಕಡೆ ಒಂದು ಸಣ್ಣ ಊರು, ಹೆಸರು ಬೇಡ ಬಿಡಿ. ಚಿಕ್ಕಪ್ಪ ಹೇಗೆ ಅಂದ್ರೆ ಕಾಫಿ ದುಡ್ಡು ಕೈಗೆ ಬಂದ ತಕ್ಷಣ ಮೊದಲು ಕಂದಾಯ, ಆಮೇಲೆ ಸೊಸೈಟಿ ಸಾಲ, ಉಳಿದ್ರೆ ಮನೆಗೆ ಅನ್ನೋ ಮನುಷ್ಯ. ಬಾಕಿ ಅನ್ನೋ ಪದ ನೋಡಿ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಹುಡುಕಿದ್ರೆ ಟ್ರಂಕಲ್ಲಿ ರಶೀದಿ ಇತ್ತು, ಎರಡು ವರ್ಷದ್ದು ಚೆನ್ನಾಗಿತ್ತು, ಒಂದು ಮಾತ್ರ ಮಳೆಗಾಲದಲ್ಲಿ ಥಂಡಿ ಹಿಡಿದು ಅಕ್ಷರ ಎಲ್ಲ ಕಲಸಿ ಹೋಗಿತ್ತು. ವಿಷ್ಯ ಏನಪ್ಪಾ ಅಂದ್ರೆ ಅವ್ರು ಕಟ್ಟಿದ್ದು ಕೈಬರಹದ ರಶೀದಿ ಕಾಲದಲ್ಲಿ, ಅದನ್ನ ಕಂಪ್ಯೂಟರ್‌ಗೆ ಏರಿಸೋರು ಏರ್ಸೇ ಇರ್ಲಿಲ್ಲ.

ಅದನ್ನ ಸರಿ ಮಾಡ್ಸೋಕೆ ಓಡಾಡ್ತಾ ಓಡಾಡ್ತಾ ನನಗೆ ಗೊತ್ತಾಗಿದ್ದನ್ನ ಇಲ್ಲಿ ಒಂದೊಂದಾಗಿ ಹೇಳ್ತೀನಿ.

ಮೊದಲು ಚೀಟಿ ಓದಿ

ಹಳ್ಳಿ ಮನೆಗೆ ತೆರಿಗೆ ಹಾಕೋ ಅಧಿಕಾರ ಗ್ರಾಮ ಪಂಚಾಯ್ತಿಗೆ ಬಂದಿರೋದು 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಸೆಕ್ಷನ್ನಿಂದ. ಹಾಗಾಗಿ ಇದು ಬಿಲ್ ಕಲೆಕ್ಟರ್ ಕೇಳಿದಷ್ಟು ಕೊಡೋ ದುಡ್ಡಲ್ಲ, ದರ ಪಂಚಾಯ್ತಿ ಸಭೆಯಲ್ಲಿ ತೀರ್ಮಾನ ಆಗಿ ಪುಸ್ತಕದಲ್ಲಿ ಬರ್ದಿರ್ಬೇಕು. ಚೀಟಿಯಲ್ಲಿ ಮೇಲೆ ಮೂಲ ತೆರಿಗೆ ಇರತ್ತೆ, ಕೆಳಗೆ ಸಾಲಾಗಿ ಸೆಸ್‌ಗಳು. ಆರೋಗ್ಯಕ್ಕೆ ನೂರಕ್ಕೆ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಕರ 3. ಅಂದ್ರೆ ಮೂಲ ತೆರಿಗೆ 1000 ಇದ್ರೆ ಅದರ ಮೇಲೆ 340 ಸೇರಿ 1340 ಆಗತ್ತೆ. ನೀರಿನ ಬಿಲ್, ಬೀದಿ ದೀಪದ್ದು ಬೇರೆ ಸಾಲಲ್ಲಿ ಬರತ್ತೆ. ಭಿಕ್ಷುಕರ ಕರ ಅಂದ ತಕ್ಷಣ ಎಲ್ರೂ ನಗ್ತಾರೆ, ನಾನೂ ನಕ್ಕಿದ್ದೆ, ಆದ್ರೆ ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದ್ದು, ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗೋ ದುಡ್ಡು. ಗ್ರಂಥಾಲಯದ 6 ಕೂಡ ಅಷ್ಟೇ, 1965ರ ಕಾಯ್ದೆಯದ್ದು. ನಿಮ್ಮೂರ ಲೈಬ್ರರಿ ಬಾಗ್ಲು ವರ್ಷದಲ್ಲಿ ಎಷ್ಟು ದಿನ ತೆಗ್ದಿರತ್ತೆ ಅಂತ ಕೇಳೋ ಹಕ್ಕು ಆ 6ರಲ್ಲೇ ಇದೆ.

ಕ್ಯಾಲ್ಕುಲೇಟರ್ ಹಿಡ್ಕೊಂಡು ಈ ಕೂಡೋದು ಕಳೆಯೋದು ಮನೇಲೇ ಮಾಡಿ, ಹತ್ತು ನಿಮಿಷ ಸಾಕು.

ಟೌನಲ್ಲಿರೋರಿಗೆ ಲೆಕ್ಕ ಬೇರೆ. ಚಿಕ್ಕಮಗಳೂರು ನಗರಸಭೆ ಥರದ ಕಡೆ 2005ರ ಆಚೆಗೆ ಸ್ವಯಂ ಘೋಷಣೆ ಪದ್ಧತಿ, ಅಂದ್ರೆ ಜಾಗ ಎಷ್ಟು, ಕಟ್ಟಡ ಎಷ್ಟು, ಎಷ್ಟು ಹಳೇದು ಅಂತ ನೀವೇ ಫಾರಂ ತುಂಬಿ ನೀವೇ ಲೆಕ್ಕ ಹಾಕಿ ಕಟ್ಟೋದು. ಅಲ್ಲಿ ಏಪ್ರಿಲ್‌ನಲ್ಲೇ ಕಟ್ಟಿದ್ರೆ ನೂರಕ್ಕೆ 5 ರಿಯಾಯ್ತಿ, ಮೇ ಜೂನ್‌ನಲ್ಲಿ ರಿಯಾಯ್ತಿನೂ ಇಲ್ಲ ದಂಡನೂ ಇಲ್ಲ, ಜುಲೈಯಿಂದ ತಿಂಗಳಿಗೆ ನೂರಕ್ಕೆ 2 ದಂಡ. ಕಟ್ಟಡ ಹಳೇದಾದಷ್ಟು ಸವಕಳಿ ಕಳೀಬಹುದು, ಬಹಳ ಜನ ಆ ಕಾಲಂ ಖಾಲಿ ಬಿಟ್ಟು ಸುಮ್ನೆ ಜಾಸ್ತಿ ಕಟ್ತಾರೆ. ಸುಳ್ಳು ಅಳತೆ ಬರೆದ್ರೆ ಸಹಿ ನಿಮ್ದೇ ಇರತ್ತೆ, ಏಜೆಂಟ್ ಬರ್ದ ಅಂತ ಹೇಳಿದ್ರೆ ನಡೆಯಲ್ಲ.

ಆಮೇಲೆ ಮನೆಗೂ ಪುಸ್ತಕಕ್ಕೂ ತಾಳೆ ನೋಡಿ

ಇ-ಸ್ವತ್ತಿನ, ಅಂದ್ರೆ ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯ, ಫಾರಂ 9 ಮತ್ತು 11 ಇಟ್ಕೊಂಡು ಅಂಗಳಕ್ಕೆ ಬನ್ನಿ. ಟೇಪ್ ತಗೊಂಡು ಅಳತೆ ಮಾಡಿ. ಹೆಂಚಿನ ಮನೆನಾ ಆರ್‌ಸಿಸಿನಾ, ಎಷ್ಟು ಚದರ, ವಾಸಕ್ಕೋ ಅಂಗಡಿಗೋ, ಮಾಲೀಕರ ಹೆಸರು ಇನ್ನೂ ತೀರಿಹೋದ ತಾತನದ್ದೇ ಇದ್ಯಾ, ಇದೆಲ್ಲ. ತಪ್ಪು ಎರಡು ಕಡೆಗೂ ಇರತ್ತೆ. ನಮ್ಮ ಚಿಕ್ಕಪ್ಪನ ವಿಷ್ಯದಲ್ಲಿ ದನದ ಕೊಟ್ಟಿಗೆನೂ ಮನೆ ಅಂತ ಸೇರ್ಸಿದ್ರು, ಆದ್ರೆ ಅಷ್ಟೇ ನಿಜ ಹೇಳಿದ್ರೆ ಸಾಲ್ದು, ಮನೆ ಮುಂದೆ 2016ರಲ್ಲಿ ಕಟ್ಟಿದ ಆರ್‌ಸಿಸಿ ರೂಮು ಪುಸ್ತಕದಲ್ಲಿ ಇರ್ಲೇ ಇಲ್ಲ. "ಅದನ್ನ ಯಾಕೋ ಈಗ ಎತ್ತೀಯ, ಸುಮ್ನಿರು" ಅಂದ್ರು ಚಿಕ್ಕಪ್ಪ. ನಾನಂದೆ, ಚಿಕ್ಕಪ್ಪ ಕೊಟ್ಟಿಗೆ ತೆಗೀರಿ ಅಂತ ಅರ್ಜಿ ಕೊಟ್ರೆ ಅಳತೆಗೆ ಬರೋರು ಕಣ್ಣು ಮುಚ್ಕೊಂಡು ಬರಲ್ಲ, ಎರಡನ್ನೂ ನಾವೇ ಬರ್ದು ಕೊಡೋಣ. ಒಂದಿನ ಪೂರ್ತಿ ಮುಖ ಗಂಟು ಹಾಕ್ಕೊಂಡಿದ್ರು, ಆಮೇಲೆ ಸಹಿ ಹಾಕಿದ್ರು.

ಅರ್ಜಿ ಬಿಳಿ ಹಾಳೆಯಲ್ಲೇ ಬರೀಬಹುದು, ಪಿಡಿಒ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅವರಿಗೆ ಅಂತ. ಆಸ್ತಿ ನಂಬರ್, ಚೀಟಿಯಲ್ಲಿ ಏನಿದೆ, ನಿಜವಾಗ್ಲೂ ಏನಿದೆ, ಏನು ಸರಿ ಮಾಡ್ಬೇಕು, ಇಷ್ಟೇ, ಕಥೆ ಬೇಡ. ರಶೀದಿಗಳ ಜೆರಾಕ್ಸ್ ಲಗತ್ತಿಸಿ, ಒರಿಜಿನಲ್ ಯಾವ ಕಾರಣಕ್ಕೂ ಕೊಡ್ಬೇಡಿ. ಎರಡು ಪ್ರತಿ ತಗೊಂಡ್ಹೋಗಿ, ಒಂದ್ರ ಮೇಲೆ ತಾರೀಖು ಸಮೇತ ಸೀಲು ಸಹಿ ಹಾಕಿಸ್ಕೊಂಡೇ ಆಫೀಸ್ ಮೆಟ್ಲು ಇಳೀರಿ. "ನಂಬಿಕೆ ಇಲ್ವಾ ಅಣ್ಣಾ" ಅಂತ ಕೇಳ್ತಾರೆ, ನಂಬಿಕೆ ಇದೆ ಮರೆವು ಜಾಸ್ತಿ ಅಂತ ನಕ್ಕೊಂಡು ಹೇಳಿ. ಅಲ್ಲಿ ಆಗ್ಲಿಲ್ಲ ಅಂದ್ರೆ ಅದೇ ಸೀಲಿರೋ ಪ್ರತಿ ಹಿಡ್ಕೊಂಡು ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ ಹೋಗಿ. ಸಕಾಲದ, ಅಂದ್ರೆ ಸರ್ಕಾರಿ ಸೇವೆನ ಇಷ್ಟು ದಿನದೊಳಗೆ ಕೊಡ್ಬೇಕು ಅನ್ನೋ ಕಾನೂನಿನ, ಪಟ್ಟಿಯಲ್ಲಿರೋ ಸೇವೆ ಆದ್ರೆ ನಂಬರ್ ಕೇಳಿ ಇಸ್ಕೊಳ್ಳಿ, ಟೈಮ್ ಮೀರಿದ್ರೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದ್ರೆ 500ರವರೆಗೆ ಪರಿಹಾರ ಅಂತ ಕಾನೂನಲ್ಲೇ ಇದೆ.

ಕಟ್ಟೋ ದುಡ್ಡನ್ನ ಕೈಗೆ ಕೊಡ್ಬೇಡಿ ಅಂತ ನಾನು ಹೇಳಲ್ಲ, ಪಾಪ ಬಿಲ್ ಕಲೆಕ್ಟರ್‌ಗಳಲ್ಲೂ ಒಳ್ಳೇರಿದ್ದಾರೆ, ಮಳೆಯಲ್ಲಿ ನೆನ್ಕೊಂಡು ತೋಟದ ಕಾರ್ಮಿಕರ ಲೈನ್ ಮನೆವರೆಗೂ ಹೋಗ್ತಾರೆ. ಆದ್ರೆ ಪ್ರಿಂಟಾದ ರಶೀದಿ ಕೇಳಿ, ಕ್ಯೂಆರ್ ಇದ್ರೆ ಅದಕ್ಕೇ ಹಾಕಿ, ಯಾರದ್ದೋ ಸ್ವಂತ ಫೋನ್‌ಪೇ ನಂಬರ್‌ಗೆ ಮಾತ್ರ ಹಾಕ್ಬೇಡಿ. ರಶೀದಿ ಬಂದ ದಿನವೇ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಮನೆಯವ್ರಿಗೆ ವಾಟ್ಸಾಪ್ ಮಾಡಿ, ಮಲೆನಾಡಿನ ಥಂಡಿಗೆ ಕಾಗದ ಉಳಿಯಲ್ಲ.

ಈಗ ಬೇರೆಯವ್ರ ಬಾಕಿ

ಇಲ್ಲಿವರೆಗೆ ಹೇಳಿದ್ದು ನಿಮ್ಮನೆ ಕೆಲಸ. ನಿಮ್ಮ ಮೇಲೆ ಹಾಕಿರೋ ತೆರಿಗೆ ನ್ಯಾಯವಾಗಿದ್ಯಾ ಅನ್ನೋದು ನಿಮ್ಮ ಒಂದು ಚೀಟಿ ನೋಡಿದ್ರೆ ಯಾವತ್ತೂ ಗೊತ್ತಾಗಲ್ಲ, ಊರಿನ ಪಟ್ಟಿ ನೋಡ್ಬೇಕು. ಅದಕ್ಕೆ ಪಂಚಾಯ್ತಿಯಲ್ಲಿ ಡಿಸಿಬಿ ಅಂತಾರೆ, ಬೇಡಿಕೆ ವಸೂಲಿ ಬಾಕಿ. ಯಾರಿಗೆ ಎಷ್ಟು ಹಾಕಿದ್ದಾರೆ, ಎಷ್ಟು ಬಂತು, ಎಷ್ಟು ನಿಂತಿದೆ, ಮೂರೂ ಅದ್ರಲ್ಲಿರತ್ತೆ. ಪಿಡಿಒ ಹತ್ರ ಹೋಗಿ "ಸಾರ್, ಡಿಸಿಬಿ ತೋರಿಸಿ" ಅನ್ನಿ, ಆ ಪದ ಬಾಯಲ್ಲಿ ಬಂದ ತಕ್ಷಣ ಕುರ್ಚಿ ತೋರಿಸ್ತಾರೆ, ನಾನೇ ನೋಡಿದೀನಿ.

ಪಟ್ಟಿಯಲ್ಲಿ ಏನು ನೋಡ್ಬೇಕು ಅಂದ್ರೆ, ನಿಮ್ಮ ಥರದ್ದೇ ಅಳತೆಯ ಪಕ್ಕದ ನಾಲ್ಕು ಮನೆಗೆ ನಿಮ್ಮಷ್ಟೇ ಬಿದ್ದಿದ್ಯಾ ನೋಡಿ, ಆಮೇಲೆ ಪಟ್ಟಿಯ ದೊಡ್ಡ ಬಾಕಿಗಳು ಯಾರ್ಯಾರದ್ದು ನೋಡಿ. ನಮ್ಮ ಜಿಲ್ಲೆಯಲ್ಲಿ ಗಮನ ಇಡಬೇಕಾದ್ದು ಹೋಂಸ್ಟೇ, ರೆಸಾರ್ಟ್. ವೀಕೆಂಡ್ ಬಂದ್ರೆ ಮುಳ್ಳಯ್ಯನಗಿರಿ ರೋಡಲ್ಲಿ ಕಾರು ನಿಲ್ಸೋಕೆ ಜಾಗ ಇರಲ್ಲ, ಆ ಜನ ಎಲ್ಲಾ ಎಲ್ಲೋ ಒಂದ್ಕಡೆ ಮಲಗ್ಲೇಬೇಕಲ್ಲ. ಹತ್ತಾರು ರೂಮು, ಈಜುಕೊಳ ಇರೋ ಕಟ್ಟಡ ಪುಸ್ತಕದಲ್ಲಿ ಇನ್ನೂ ಹಳೇ ಹೆಂಚಿನ ಮನೆ ಅಂತಲೇ ಇದ್ರೆ ಅಲ್ಲಿಯ ಕಸ ಎತ್ತೋ ಗಾಡಿ ಖರ್ಚನ್ನ ಲೈನ್ ಮನೆಯವ್ರು, ಚಿಕ್ಕಪ್ಪನಂಥೋರು ಕಟ್ತಿದ್ದಾರೆ ಅಂತ ಅರ್ಥ. ನನಗೆ ಹೋಂಸ್ಟೇ ಮೇಲೆ ಸಿಟ್ಟಿಲ್ಲ, ನಮ್ಮ ಎಷ್ಟೋ ಹುಡುಗ್ರು ಬೆಂಗ್ಳೂರು ಬಿಟ್ಟು ಬಂದು ಅದ್ರಲ್ಲೇ ಬದುಕು ಕಟ್ಕೊಂಡಿದ್ದಾರೆ, ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಇರ್ಲಿ ಅನ್ನೋದಷ್ಟೇ. ಇದನ್ನ ಕೇಳೋವಾಗ ಒಬ್ಬರ ಹೆಸರು ಹಿಡಿದು ಜಗಳಕ್ಕೆ ಹೋಗ್ಬೇಡಿ, "ವಾಣಿಜ್ಯ ಕಟ್ಟಡಗಳ ಪಟ್ಟಿ ಓದಿ" ಅಂತ ಕೇಳಿ, ಸಾಕು, ಯಾರದ್ದಿಲ್ಲ ಅಂತ ಕೂತಿರೋ ಜನಕ್ಕೇ ಗೊತ್ತಾಗತ್ತೆ.

ನಮ್ಮ ಸೀಮೆಗೆ ಇದೇನ್ ಹೊಸದಲ್ಲ ಬಿಡಿ. ಹೊಯ್ಸಳರ ಕಾಲದ ಶಾಸನಗಳಲ್ಲೇ ಮನೆದೆರೆ, ಗಾಣದೆರೆ, ಮಗ್ಗದೆರೆ ಅಂತ ಬಿಡಿಸಿ ಬಿಡಿಸಿ ಬರ್ದಿದ್ದಾರೆ. ಕಲ್ಲಲ್ಲಿ ಕೆತ್ತಿ ಊರ ಮುಂದೆ ನಿಲ್ಸೋರು, ಈಗ ನೋಟಿಸ್ ಬೋರ್ಡ್‌ಗೆ ಒಂದು ಹಾಳೆ ಅಂಟಿಸಿ ಅಂದ್ರೆ ಗಮ್ ಇಲ್ಲ ಅಂತಾರೆ.

ದುಡ್ಡು ಎಲ್ಲಿಗೆ ಹೋಯ್ತು

ಮನೆ ಕಂದಾಯ ಪಂಚಾಯ್ತಿಯ ಸ್ವಂತ ದುಡ್ಡು, ಅದ್ರಲ್ಲಿ ನೂರಕ್ಕೆ 25 ಪರಿಶಿಷ್ಟ ಜಾತಿ ಪಂಗಡದವರ ಕೆಲಸಕ್ಕೆ, 5 ಅಂಗವಿಕಲರಿಗೆ ಅಂತ ಎತ್ತಿಡ್ಬೇಕು. ದೆಹಲಿಯಿಂದ ಬರೋದು ಬೇರೆ, 2021ರಿಂದ 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ನೂರಕ್ಕೆ 60 ಕುಡಿಯೋ ನೀರು ಮತ್ತು ಶುಚಿತ್ವಕ್ಕೇ ಮೀಸಲಿತ್ತು, ಉಳಿದ 40 ಊರಿನ ಅಗತ್ಯ ನೋಡ್ಕೊಂಡು. ಇ-ಗ್ರಾಮಸ್ವರಾಜ್ ಅನ್ನೋ ವೆಬ್‌ಸೈಟಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದ್ರೆ ಯಾವ ಕೆಲಸಕ್ಕೆ ಎಷ್ಟು ಬಿಲ್ ಆಗಿದೆ ಅಂತ ಮೊಬೈಲಲ್ಲೇ ಬರತ್ತೆ. ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಿ ಕೂತು ನೋಡಿ, ಒಳ್ಳೆ ಟೈಂಪಾಸ್.

ಆ ಪಟ್ಟಿ ಪ್ರಿಂಟ್ ತೆಗ್ಸಿ ಎಲ್ಲಿಗೆ ಒಯ್ಯಬೇಕು ಅಂದ್ರೆ ಗ್ರಾಮಸಭೆಗೆ. ವರ್ಷಕ್ಕೆ ಕನಿಷ್ಠ ಎರಡು ನಡೀಲೇಬೇಕು. ಆದ್ರೆ ಗ್ರಾಮಸಭೆಯಲ್ಲಿ ಮನೆ ಕೊಡಿ, ಹಸು ಕೊಡಿ ಅನ್ನೋ ಗದ್ದಲದಲ್ಲಿ ಲೆಕ್ಕ ಕೇಳೋರ ದನಿ ಕೇಳ್ಸಲ್ಲ, ಅದಕ್ಕೆ ನನ್ನ ಮಟ್ಟಿಗೆ ಜಮಾಬಂದಿನೇ ವಾಸಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪ್ರತಿ ಪಂಚಾಯ್ತಿಯಲ್ಲಿ ಒಂದು ದಿನ ನಡೆಯತ್ತೆ, ಹಿಂದಿನ ವರ್ಷದ ಲೆಕ್ಕ ಓದ್ತಾರೆ, ಮಾಡಿರೋ ಕೆಲಸಗಳನ್ನ ಸ್ಥಳಕ್ಕೆ ಹೋಗಿ ನೋಡ್ತಾರೆ. ಜನ ಮಾತ್ರ ಇರಲ್ಲ, ಸದಸ್ಯರು, ಸಿಬ್ಬಂದಿ, ಟೀ ಕೊಡೋ ಹುಡುಗ, ಅಷ್ಟೇ. ಹಾಗಾಗಿ ನೀವು ನಾಲ್ಕೇ ಜನ ಹೋದ್ರೂ ಇಡೀ ದಿನ ನಿಮ್ದೇ. ಚರಂಡಿ ಎಷ್ಟು ಮೀಟರ್ ಅಂತ ಬಿಲ್ ಆಗಿದ್ಯೋ ಅಷ್ಟು ಇದ್ಯಾ ಅಂತ ಅದೇ ಟೇಪ್ ತಗೊಂಡ್ಹೋಗಿ ಅಳೀರಿ. ಗುತ್ತಿಗೆ ಯಾರಿಗೆ ಹೋಗಿದೆ ಕೇಳಿ, ಪಂಚಾಯ್ತಿ ಕೆಲಸದಲ್ಲಿ ಸದಸ್ಯರಿಗೇ ಪಾಲಿರಬಾರದು ಅಂತ ಕಾಯ್ದೆ ಹೇಳತ್ತೆ, ಅವರ ಭಾವಮೈದುನನ ಹೆಸರಲ್ಲಿದ್ರೆ ಅದನ್ನ ನಡಾವಳಿಯಲ್ಲಿ ಬರೆಸಿ. ಬಾಯಿ ಮಾತಿಗೆ ಬೆಲೆ ಇಲ್ಲ, ಸಭೆ ಮುಗಿಯೋ ಮುಂಚೆ ನಡಾವಳಿ ಪುಸ್ತಕದಲ್ಲಿ ನಿಮ್ಮ ಪ್ರಶ್ನೆ ಬಂದಿದ್ಯಾ ನೋಡ್ಕೊಂಡೇ ಎದ್ದೇಳಿ.

ಯಾವುದಕ್ಕೂ ಬಗ್ಗಲ್ಲ ಅಂದ್ರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡಿದ್ರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಇದನ್ನ ಮರೆತು ಊರಿನ ಇಪ್ಪತ್ತು ವರ್ಷದ ಗೋಳು ಒಂದೇ ಹಾಳೆಯಲ್ಲಿ ಬರೆದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. "ಇಂಥ ಆರ್ಥಿಕ ವರ್ಷದ ಮನೆ ಕಂದಾಯದ ಡಿಸಿಬಿ ಪ್ರತಿ ಕೊಡಿ" ಅಂತ ಒಂದೇ ಸಾಲು ಸಾಕು. ಯಾಕೆ ಮಾಡಿಲ್ಲ ಅಂತ ಕೇಳ್ಬೇಡಿ, ಅವ್ರು ಕೊಡ್ಬೇಕಿರೋದು ಕಾಗದ, ಕಾರಣ ಅಲ್ಲ. 30 ದಿನದಲ್ಲಿ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಮೇಲ್ಮನವಿ.

ಚಿಕ್ಕಪ್ಪನದ್ದು ಅಲ್ಲಿವರೆಗೆ ಹೋಗ್ಲಿಲ್ಲ. ಚೆನ್ನಾಗಿದ್ದ ಎರಡು ರಶೀದಿಯ ಬಾಕಿ ತೆಗೆದ್ರು, ಥಂಡಿ ಹಿಡಿದ ರಶೀದಿ ನಂಬರ್ ಓದೋಕಾಗ್ಲಿಲ್ಲ ಅಂತ ಆ ವರ್ಷದ್ದು ಹಳೇ ರಶೀದಿ ಪುಸ್ತಕದ ಕಾರ್ಬನ್ ಪ್ರತಿ ಹುಡುಕಿಸ್ಬೇಕಾಯ್ತು, ಅದಕ್ಕೇ ಎರಡು ತಿಂಗಳು. ಕೊಟ್ಟಿಗೆ ಹೋಯ್ತು, ಆರ್‌ಸಿಸಿ ರೂಮು ಸೇರ್ತು, ಕೂಡಿ ಕಳೆದು ನೋಡಿದ್ರೆ ವರ್ಷದ ಕಂದಾಯ ಮುಂಚೆಗಿಂತ ಸ್ವಲ್ಪ ಜಾಸ್ತಿನೇ ಆಯ್ತು. ಚಿಕ್ಕಪ್ಪ ಇವತ್ತಿಗೂ ನನ್ನ ನೋಡಿದ್ರೆ "ಬಂದ್ರಪ್ಪಾ ನಮ್ಮ ಆಡಿಟರ್" ಅಂತಾರೆ, ಆದ್ರೆ ಈ ಸಲ ಜಮಾಬಂದಿ ಯಾವತ್ತು ಅಂತ ನನಗಿಂತ ಮೊದಲು ಕೇಳ್ಕೊಂಡು ಬಂದಿದ್ದು ಅವ್ರೇ.