ಚರ್ಮದಡಿಯ ಗ್ಲೂಕೋಸ್ ಸೆನ್ಸರನ್ನು ದೇಹಕ್ಕೆ ಒಗ್ಗಿಸುವ ಬಗೆ

ಸಕ್ಕರೆಯ (ಗ್ಲೂಕೋಸ್) ಮಟ್ಟವನ್ನು ಅಳೆಯಲು ಚರ್ಮದಡಿ ಇರಿಸಿದ ಸೆನ್ಸರನ್ನು ದೇಹವು ಪರಕೀಯ ವಸ್ತುವೆಂದೇ ಎಣಿಸುತ್ತದೆ. ಮೊದಲು ಪ್ರೋಟೀನುಗಳು ಅಂಟುತ್ತವೆ, ಬಳಿಕ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಮುತ್ತುತ್ತವೆ, ಕೆಲವು ವಾರಗಳಲ್ಲಿ ರಕ್ತನಾಳಗಳು ವಿರಳವಾಗಿರುವ ಕೊಲಾಜೆನ್ (ನಾರಿನಂಥ ಪ್ರೋಟೀನ್) ಪೊರೆಯೊಂದು ಅದನ್ನು ಸುತ್ತುವರಿದು ಗ್ಲೂಕೋಸ್ ಬರುವ ದಾರಿಗೇ ಅಡ್ಡವಾಗುತ್ತದೆ.

ಆದ್ದರಿಂದ ಕೆಲಸವನ್ನು ಮೇಲ್ಮೈಯಿಂದ ಆರಂಭಿಸಿ. ನೀರನ್ನು ಹಿಡಿದಿಡುವ ಹೈಡ್ರೋಜೆಲ್ ಲೇಪವು ಪ್ರೋಟೀನ್ ಅಂಟುವುದನ್ನು ತಗ್ಗಿಸುತ್ತದೆ. ಆದರೆ ಲೇಪ ದಪ್ಪವಾದಷ್ಟೂ ಗ್ಲೂಕೋಸ್ ಒಳಸೇರುವುದು ತಡವಾಗುವುದರಿಂದ ಅದನ್ನು ತೆಳುವಾಗಿಯೇ ಇಡಬೇಕು. ಹೊರಪದರದಲ್ಲಿ ಸೂಕ್ಷ್ಮ ರಂಧ್ರಗಳಿದ್ದರೆ ಹೊಸ ರಕ್ತನಾಳಗಳು ಹತ್ತಿರ ಬೆಳೆಯಲು ಅನುಕೂಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನ ಬೇಡುವುದು ಉರಿಯೂತದ ನಿಯಂತ್ರಣ. ಅಮೆರಿಕದಲ್ಲಿ 2018ರಲ್ಲಿ 90 ದಿನಗಳ ಬಳಕೆಗೂ 2024ರಲ್ಲಿ 365 ದಿನಗಳ ಬಳಕೆಗೂ ಅನುಮತಿ ಪಡೆದ ಎವರ್‌ಸೆನ್ಸ್ ಸೆನ್ಸರನ್ನೇ ನೋಡಿ: ತೋಳಿನ ಚರ್ಮದಡಿ ಕೂರುವ, ಸುಮಾರು 18 ಮಿಲಿಮೀಟರ್ ಉದ್ದದ ಆ ಪುಟ್ಟ ಕೊಳವೆಗೆ ಸಿಲಿಕೋನ್ ಉಂಗುರವೊಂದಿದ್ದು, ಅದರಿಂದ ಡೆಕ್ಸಾಮೆಥಾಸೋನ್ ಅಸಿಟೇಟ್ ಎಂಬ ಸ್ಟೀರಾಯ್ಡ್ ಔಷಧ ನಿಧಾನವಾಗಿ ಒಸರುತ್ತದೆ. ಔಷಧದ ಪ್ರಮಾಣವನ್ನು ಮಾತ್ರ ಅತಿ ಎಚ್ಚರದಿಂದ ನಿಗದಿಪಡಿಸಬೇಕು, ಏಕೆಂದರೆ ಉರಿಯೂತವನ್ನು ಶಮನಗೊಳಿಸುವ ಇದೇ ಸ್ಟೀರಾಯ್ಡ್ ನಮಗೆ ಬೇಕಾದ ಹೊಸ ರಕ್ತನಾಳಗಳ ಬೆಳವಣಿಗೆಯನ್ನೂ ತಡೆಯಬಲ್ಲದು.

ಪರೀಕ್ಷೆಯನ್ನು ಕ್ರಿಮಿಶುದ್ಧೀಕರಣದ ನಂತರವೇ ಮಾಡಿ. ಕಿಣ್ವವನ್ನು ಬಳಸುವ ಸೆನ್ಸರಾದರೆ ಶುದ್ಧೀಕರಣದ ಬಿಸಿಗೆ ಆ ಕಿಣ್ವ ಕೆಟ್ಟುಹೋಗಿರಬಹುದು. ಪ್ರಾಣಿಪ್ರಯೋಗದಲ್ಲಿ ಸೆನ್ಸರಿನ ಅಳತೆ ಸರಿಯಿದೆಯೆಂದು ಅಷ್ಟಕ್ಕೇ ತೃಪ್ತರಾಗದೆ, ಸುತ್ತಲಿನ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿ, ಪೊರೆಯ ದಪ್ಪವನ್ನೂ ರಕ್ತನಾಳಗಳ ಸಂಖ್ಯೆಯನ್ನೂ ದಾಖಲಿಸಿ. ಔಷಧ ಪೂರ್ತಿ ಖಾಲಿಯಾದ ಮೇಲೂ ಈ ಪರಿಶೀಲನೆಯನ್ನು ಮುಂದುವರಿಸುವುದು ಅಗತ್ಯ.